ಮುದ್ರಿತ ಬೆಲೆಗೇ ಹಾಟ್ ವೀಲ್ಸ್: ಕಾಳಸಂತೆಗೆ ಮಣಿಯದೆ ಆಟಿಕೆ ಕಾರು ಸಂಗ್ರಹಿಸುವುದು ಹೇಗೆ?

ಇನ್ನೂರು ರೂಪಾಯಿಯ ಆಸುಪಾಸಿನ ಎಂಆರ್‌ಪಿ ಇರುವ ಹಾಟ್ ವೀಲ್ಸ್ ಕಾರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆರುನೂರು, ಎಂಟುನೂರಕ್ಕೆ ಬಿಕರಿಯಾಗುವುದನ್ನು ಈ ಹವ್ಯಾಸವಿರುವವರೆಲ್ಲ ಕಂಡಿದ್ದಾರೆ. ಅಂಗಡಿಯಲ್ಲಿ ಕೇಳಿದರೆ ಬಂದೇ ಇಲ್ಲ ಎನ್ನುತ್ತಾರೆ. ಆ್ಯಪ್‌ನಲ್ಲಿ ಸ್ಟಾಕ್ ಮುಗಿದಿದೆ. ಗುಂಪಿನಲ್ಲಿ ಮಾತ್ರ ಒಬ್ಬನ ಮಂಚದ ಮೇಲೆ ಅದೇ ಕಾರು ಸಾಲಾಗಿ ಹರಡಿಕೊಂಡ ಫೋಟೊ. ಕೆಳಗೆ ‘ಬೇಗ ಹೇಳಿ, ಎರಡೇ ಉಳಿದಿವೆ’ ಎಂಬ ಒಕ್ಕಣೆ.

ಈ ವ್ಯಾಪಾರ ನಡೆಯುವುದೇ ಕೊಳ್ಳುವವರ ಆತುರದ ಮೇಲೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ಹಣದ ರೂಪದಲ್ಲಿ ಕಾಣಿಸುತ್ತದೆ. ಯಾವ ಕಾರಿಗೆ ಕಾಯಬಹುದು, ಯಾವುದಕ್ಕೆ ಕಾಯಲಾಗದು ಎಂಬುದು ತಿಳಿದರೆ ಈ ಹವ್ಯಾಸದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದು ತಾಳ್ಮೆ ಮತ್ತು ಸ್ವಲ್ಪ ಕಾನೂನಿನ ಅರಿವು.

ಮೊದಲು, ಕಾರು ಎಲ್ಲಿ ಮಾಯವಾಗುತ್ತದೆ ಎಂದು ತಿಳಿಯಿರಿ

ಹಾಟ್ ವೀಲ್ಸ್ ಕಾರುಗಳು ಅಂಗಡಿಗೆ ಒಂದೊಂದಾಗಿ ಬರುವುದಿಲ್ಲ. ಬಗೆಬಗೆಯ ಮಾದರಿಗಳನ್ನು ಬೆರೆಸಿ ತುಂಬಿದ ಪೆಟ್ಟಿಗೆಗಳಲ್ಲಿ ಬರುತ್ತವೆ. ಸಂಗ್ರಾಹಕರ ಭಾಷೆಯಲ್ಲಿ ಇದು ‘ಕೇಸ್’. ಅಮೆರಿಕದಲ್ಲಿ ಒಂದು ಕೇಸ್ ಎಂದರೆ 72 ಕಾರು. ಅದರಲ್ಲಿ ಎಲ್ಲರೂ ಬಯಸುವ ನಿಸಾನ್ ಸ್ಕೈಲೈನ್, ಪೋರ್ಷೆ, ಹೋಂಡಾ ಸಿವಿಕ್‌ಗಳು ಕೆಲವೇ ಕೆಲವು. ಉಳಿದವುಗಳಲ್ಲಿ ಬಹಳಷ್ಟು ಕಾಲ್ಪನಿಕ ವಿನ್ಯಾಸದ ಕಾರುಗಳು. ಹಾಗಾಗಿ ಪೆಟ್ಟಿಗೆಯನ್ನು ಮೊದಲು ಒಡೆಯುವ ಕೈ ಯಾರದೋ, ಒಳ್ಳೆಯ ಕಾರುಗಳು ಅವರವೇ. ಅದು ಅಂಗಡಿಯ ನೌಕರನಾಗಿರಬಹುದು, ವಿತರಕನಾಗಿರಬಹುದು, ವಿತರಕನಿಗೆ ಮೊದಲೇ ಹೇಳಿಟ್ಟ ಮರುಮಾರಾಟಗಾರನಾಗಿರಬಹುದು. ಗೋಡೆಯ ಕೊಕ್ಕೆಗೆ ಬಂದು ನೇತಾಡುವುದು ಆಯ್ದು ಉಳಿದ ಸರಕು.

ಬೆಂಗಳೂರಿನ ಆಟಿಕೆ ಅಂಗಡಿಯೊಂದರಲ್ಲಿ ಕಂಡ ದೃಶ್ಯ ಇದು. ಕೌಂಟರಿನ ಹಿಂದೆ ಪೆಟ್ಟಿಗೆಯ ಟೇಪು ಕತ್ತರಿಸುತ್ತಿದ್ದಂತೆಯೇ ಬೆನ್ನುಚೀಲ ಹಾಕಿಕೊಂಡ ಒಬ್ಬರು ಕಾರು ಅಂಟಿಸಿದ ರಟ್ಟಿನ ಕಾರ್ಡುಗಳನ್ನು ಇಸ್ಪೀಟ್ ಎಲೆ ಸರಿಸುವ ವೇಗದಲ್ಲಿ ಸರಿಸಿ, ಬೇಕಾದ್ದನ್ನು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಅಮ್ಮನ ಕೈ ಹಿಡಿದು ನಿಂತಿದ್ದ ಪುಟ್ಟ ಹುಡುಗ ಅದರಲ್ಲೊಂದು ಕೆಂಪು ಕಾರನ್ನು ತೋರಿಸಿದ. ‘ಅದು ಬುಕ್ ಆಗಿದೆ’ ಎಂಬ ಉತ್ತರ ಬಂತು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ 16 ಮಾದರಿಗಳೊಂದಿಗೆ ಶುರು ಮಾಡಿದ ಈ ಕಾರು, ಮಕ್ಕಳ ಕೈಗೆಟುಕುವ ಬೆಲೆಯ ಆಟಿಕೆಯಾಗಿಯೇ ಜಗತ್ತು ಸುತ್ತಿದ್ದು. ಆ ಹುಡುಗನಿಗೆ ಅದು ಸಿಗದೇ ಹೋದದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ವಿದೇಶದಿಂದ ತರಿಸಿಕೊಂಡರೆ ಅಗ್ಗವಾಗುತ್ತದೆ ಎಂಬ ಲೆಕ್ಕಾಚಾರ ಬೇಡ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತೂ ಕಡ್ಡಾಯವಾಯಿತು. ಅಧಿಕೃತ ಆಮದುದಾರರ ದಾರಿ ಬಿಟ್ಟರೆ ಬೇರೆ ದಾರಿಗಳು ಕಿರಿದಾದವು. ಸರಕು ಬರುವ ಬಾಗಿಲು ಒಂದೇ ಆದಾಗ ಆ ಬಾಗಿಲ ಬಳಿ ಕಾದು ನಿಂತವರಿಗೆ ಲಾಭ.

ನಿಜಕ್ಕೂ ಅಪರೂಪದ್ದು ಯಾವುದು?

ಈ ಹಂತವನ್ನು ಸರಿಯಾಗಿ ಕಲಿತರೆ ಮುಂದಿನ ಹಂತಗಳು ಹಗುರ. ಕಾಳಸಂತೆಯಲ್ಲಿ ‘ಅಪರೂಪದ ಕಾರು’ ಎಂದು ಮಾರುವುದರಲ್ಲಿ ಹೆಚ್ಚಿನವು ಅಪರೂಪದವೇ ಅಲ್ಲ.

ಕಾರ್ಡಿನ ಮೇಲೆ 57/250 ಎಂಬಂಥ ಸಂಖ್ಯೆ ಇರುತ್ತದೆ. ಅದು ಆ ವರ್ಷದ 250 ಸಾಮಾನ್ಯ ಕಾರುಗಳ ಪಟ್ಟಿಯಲ್ಲಿ ಅದರ ಸ್ಥಾನವೇ ಹೊರತು 250 ಕಾರು ಮಾತ್ರ ತಯಾರಾಗಿವೆ ಎಂದಲ್ಲ. ಹೊಸಬರಿಗೆ ಈ ಸಂಖ್ಯೆ ತೋರಿಸಿ ‘ಲಿಮಿಟೆಡ್ ಎಡಿಷನ್’ ಎಂದು ನಂಬಿಸುವವರಿದ್ದಾರೆ. ಇವೆಲ್ಲ ‘ಮೇನ್‌ಲೈನ್’, ಅಂದರೆ ಭಾರೀ ಪ್ರಮಾಣದಲ್ಲಿ ತಯಾರಾಗುವ ಕಾರುಗಳು. ಒಂದೇ ಅಚ್ಚಿನ ಕಾರು ಅದೇ ವರ್ಷ ಇನ್ನೊಂದು ಬಣ್ಣದಲ್ಲಿ, ಮುಂದಿನ ವರ್ಷ ಮತ್ತೊಂದು ಬಣ್ಣದಲ್ಲಿ ಬರುವುದು ಸಾಮಾನ್ಯ. ಹೊಸ ಮಾದರಿ ಬಂದ ಮೊದಲ ಕೆಲವು ವಾರ ಬೆಲೆ ನೆತ್ತಿಗೇರುತ್ತದೆ. ಅದೇ ಕೇಸ್ ಬೇರೆ ಊರುಗಳಿಗೂ ತಲುಪಿದ ಮೇಲೆ ಇಳಿಯುತ್ತದೆ.

ನಿಜವಾದ ಅಪರೂಪದ್ದೆಂದರೆ 1995ರಲ್ಲಿ ಶುರುವಾದ ‘ಟ್ರೆಷರ್ ಹಂಟ್’ ಸರಣಿ. ಈಗ ಅದರಲ್ಲಿ ಎರಡು ದರ್ಜೆ. ಸಾಮಾನ್ಯ ಟ್ರೆಷರ್ ಹಂಟ್‌ನ ಕಾರ್ಡಿನ ಮೇಲೆ, ಕಾರಿನ ಹಿಂಬದಿಗೆ ವೃತ್ತದೊಳಗಿನ ಜ್ವಾಲೆಯ ಬೆಳ್ಳಿ ಬಣ್ಣದ ಗುರುತು ಇರುತ್ತದೆ. ಕಾರಿನ ಮೈಮೇಲೂ ಎಲ್ಲೋ ಒಂದು ಕಡೆ ಅದೇ ಜ್ವಾಲೆಯ ಚಿಹ್ನೆ. ‘ಸೂಪರ್’ ದರ್ಜೆಯದ್ದರಲ್ಲಿ ಈ ಗುರುತು ಚಿನ್ನದ ಬಣ್ಣದ್ದು. ಕಾರಿನ ಮೇಲೆ ‘ಟಿಎಚ್’ ಎಂಬ ಅಕ್ಷರಗಳು, ಗಾಜಿನಂತೆ ಹೊಳೆಯುವ ಸ್ಪೆಕ್ಟ್ರಾಫ್ಲೇಮ್ ಬಣ್ಣ, ಪ್ಲಾಸ್ಟಿಕ್ ಬದಲು ರಬ್ಬರ್ ಟೈರು. ಇದು ಎಲ್ಲ ಪೆಟ್ಟಿಗೆಯಲ್ಲೂ ಇರುವುದಿಲ್ಲ. ಹಾಗೆಯೇ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಲಿಯೋ ಮ್ಯಾಟೆಲ್ ಹೆಸರಿನಲ್ಲಿ ಭಾರತದಲ್ಲೇ ತಯಾರಾದ ಹಳೆಯ ಹಾಟ್ ವೀಲ್ಸ್‌ಗಳನ್ನು ವಿದೇಶಿ ಸಂಗ್ರಾಹಕರೂ ಹುಡುಕುತ್ತಾರೆ. ಅವು ಇನ್ನೆಂದೂ ಅಚ್ಚಾಗುವುದಿಲ್ಲ. ಮನೆಯ ಅಟ್ಟದ ಮೇಲೆ ಹಳೆಯ ಆಟಿಕೆ ಡಬ್ಬಿ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ.

ಕಾಯುವುದರ ಫಲಕ್ಕೆ ಫೆರಾರಿಯೇ ಸಾಕ್ಷಿ. ಮ್ಯಾಟೆಲ್ ಮತ್ತು ಫೆರಾರಿ ನಡುವಿನ ಪರವಾನಗಿ 2014ರ ಹೊತ್ತಿಗೆ ಮುಗಿದಿತ್ತು. ಹಾಟ್ ವೀಲ್ಸ್‌ನಲ್ಲಿ ಫೆರಾರಿ ಇನ್ನು ಬರುವುದೇ ಇಲ್ಲ ಎಂಬ ಮಾತು ವರ್ಷಗಟ್ಟಲೆ ಹಳೆಯ ಕಾರುಗಳ ಬೆಲೆಯನ್ನು ಹಿಗ್ಗಿಸಿತು. 2025ರಲ್ಲಿ ಹೊಸ ಒಪ್ಪಂದದೊಂದಿಗೆ ಫೆರಾರಿ ಮರಳಿತು.

ಮುದ್ರಿತ ಬೆಲೆಗೆ ಸಿಗುವ ಜಾಗ ಹುಡುಕಿ

ಮಾಲ್‌ಗಳ ದೊಡ್ಡ ಆಟಿಕೆ ಮಳಿಗೆಗಳ ಮೇಲೆ ಎಲ್ಲರ ಕಣ್ಣಿರುತ್ತದೆ. ನೀವು ಬಡಾವಣೆಯ ಸ್ಟೇಷನರಿ ಅಂಗಡಿ, ಸೂಪರ್‌ಮಾರ್ಕೆಟ್, ಪುಸ್ತಕದ ಮಳಿಗೆ, ಸಣ್ಣ ಊರಿನ ಗಿಫ್ಟ್ ಸೆಂಟರ್‌ಗಳ ಕಡೆ ನೋಡಿ. ಇವರಿಗೆ ಸ್ಕೈಲೈನ್ ಯಾವುದು, ಕಾಲ್ಪನಿಕ ಕಾರು ಯಾವುದು ಎಂಬ ವ್ಯತ್ಯಾಸ ಬೇಕಿಲ್ಲ. ಎಲ್ಲಕ್ಕೂ ಒಂದೇ ಎಂಆರ್‌ಪಿ. ತುಮಕೂರು, ಹಾಸನ, ದಾವಣಗೆರೆಯಂಥ ಊರುಗಳಿಗೆ ಹೋದಾಗ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳನ್ನೊಮ್ಮೆ ಇಣುಕಿ ಬರುವುದು ಒಳ್ಳೆಯ ರೂಢಿ. ಬೆಂಗಳೂರಿನಲ್ಲಿ ಎಂದೋ ಖಾಲಿಯಾದ ಕಾರು ಅಲ್ಲಿ ಧೂಳು ಹಿಡಿದು ನೇತಾಡುತ್ತಿರಬಹುದು.

ಅಂಗಡಿಯವರೊಡನೆ ಸ್ನೇಹ ಬೆಳೆಸಿ. ಪೆಟ್ಟಿಗೆ ಯಾವ ವಾರ ಬರುತ್ತದೆ ಎಂದು ಕೇಳಿ, ಬಂದಾಗ ಒಂದೋ ಎರಡೋ ಕೊಂಡು, ಉಳಿದದ್ದನ್ನು ಕೊಕ್ಕೆಯಲ್ಲೇ ಬಿಡಿ. ‘ಒಬ್ಬರಿಗೆ ಎರಡೇ ಕಾರು’ ಎಂಬ ಚೀಟಿ ಅಂಟಿಸಿ ಎಂದು ಮಾಲೀಕರನ್ನು ಕೇಳಿಕೊಳ್ಳಲು ಸಂಕೋಚ ಬೇಡ. ಒಬ್ಬನೇ ಎಲ್ಲವನ್ನೂ ಬಾಚಿಕೊಂಡು ಹೋಗುವುದಕ್ಕಿಂತ ಇಪ್ಪತ್ತು ಮನೆಯವರು ಮಕ್ಕಳ ಸಮೇತ ಮತ್ತೆ ಮತ್ತೆ ಬರುವುದು ತಮ್ಮ ವ್ಯಾಪಾರಕ್ಕೂ ಒಳ್ಳೆಯದು ಎಂದು ಎಷ್ಟೋ ಅಂಗಡಿಯವರು ಒಪ್ಪುತ್ತಾರೆ.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಸರಕು ಇರುವುದು ನಿಮ್ಮ ಬಡಾವಣೆಯ ಗೋದಾಮಿನಲ್ಲಿ. ಒಂದು ವಿಳಾಸಕ್ಕೆ ‘ಸ್ಟಾಕ್ ಇಲ್ಲ’ ಎಂದು ತೋರಿಸಿದರೂ ಕಚೇರಿಯ ಅಥವಾ ನೆಂಟರ ಮನೆಯ ವಿಳಾಸ ಹಾಕಿದರೆ ಸಿಗುವ ಸಾಧ್ಯತೆ ಇದೆ. ಅಲ್ಲಿಯೂ ಎಂಆರ್‌ಪಿ ನೋಡಿಯೇ ಕೊಳ್ಳಿ.

ಇನ್ನೊಂದು ದಾರಿ, ಗುಂಪು ಹೋಗದ ಕಡೆ ಹೋಗುವುದು. 1997ರಿಂದ ಮ್ಯಾಟೆಲ್‌ನದೇ ಆಗಿರುವ ಮ್ಯಾಚ್‌ಬಾಕ್ಸ್, ಫ್ರಾನ್ಸ್ ಮೂಲದ ಮಜೊರೆಟ್ ಕಾರುಗಳು ಕುಸುರಿಯಲ್ಲಿ ಏನೂ ಕಡಿಮೆ ಇಲ್ಲ. ನಮ್ಮದೇ ಸೆಂಟಿ ಟಾಯ್ಸ್‌ನ ಅಂಬಾಸಡರ್, ಆಟೊರಿಕ್ಷಾಗಳು ಕಪಾಟಿನಲ್ಲಿ ಕೂತರೆ ಯಾವ ಫೆರಾರಿಗಿಂತಲೂ ಮೊದಲು ಮನೆಗೆ ಬಂದವರ ಕಣ್ಣು ಸೆಳೆಯುತ್ತವೆ.

ಹೆಚ್ಚು ಬೆಲೆ ಕೊಡಲೇಬೇಕು ಎನಿಸಿದಾಗ

ಸೂಪರ್ ಟ್ರೆಷರ್ ಹಂಟ್‌ನಂಥದ್ದಕ್ಕೆ ಮರುಮಾರಾಟದ ಬೆಲೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಮಾರುವವನು ಹೇಳುವ ಬೆಲೆ ಬೇರೆ, ಕಾರು ನಿಜಕ್ಕೂ ಕೈ ಬದಲಾಯಿಸಿದ ಬೆಲೆ ಬೇರೆ. ಆನ್‌ಲೈನ್ ಮಾರುಕಟ್ಟೆ ಇಬೇಯ ಅಮೆರಿಕ ತಾಣದಲ್ಲಿ ಮಾರಾಟವಾಗಿ ಮುಗಿದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಅದನ್ನು ನೋಡಿ. ಗುಂಪಿನ ಹಳೆಯ ಸಂದೇಶಗಳಲ್ಲಿ ಅದೇ ಕಾರಿನ ಹೆಸರು ಹುಡುಕಿದರೆ ಕಳೆದ ತಿಂಗಳ ಬೆಲೆಯೂ ಸಿಗುತ್ತದೆ. ನಿಮ್ಮ ಮಿತಿಯನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಮಾತಿಗಿಳಿಯಿರಿ.

ಹಣ ಕೊಡುವ ಮುನ್ನ ಕಾರನ್ನು ಪರೀಕ್ಷಿಸಿ. ಸಾಮಾನ್ಯ ಕಾರಿಗೆ ರಬ್ಬರ್ ಚಕ್ರ ಜೋಡಿಸಿ ಸೂಪರ್ ಎಂದು ಮಾರುವ ಮೋಸ ಎಲ್ಲೆಡೆ ಇದೆ. ಬಿಡಿ ಕಾರಾದರೆ ತಳಭಾಗ ನೋಡಿ. ಕಾರಿನ ಮೇಲ್ಭಾಗವನ್ನು ತಳಕ್ಕೆ ಬಂಧಿಸುವ ರಿವೆಟ್‌ಗಳ ತಲೆ ನುಣುಪಾಗಿ, ಉಬ್ಬಿಕೊಂಡು ಇರಬೇಕು. ಡ್ರಿಲ್ ಹಾಕಿದ ಗುಳಿ, ಸ್ಕ್ರೂ ಅಥವಾ ಅಂಟಿನ ಗುರುತು ಕಂಡರೆ ಆ ಕಾರು ಒಮ್ಮೆ ಬಿಚ್ಚಿದ್ದು. ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿಯ ಸಣ್ಣ ಮುದ್ರೆಯೂ ಇರುತ್ತದೆ. ಅಕ್ಷರ ತಯಾರಾದ ವರ್ಷವನ್ನು, ಅಂಕಿ ವಾರವನ್ನು ಹೇಳುತ್ತದೆ. ಮಾರುವವರು ಹೇಳುವ ವರ್ಷಕ್ಕೂ ಅದಕ್ಕೂ ತಾಳೆಯಾಗಬೇಕು. ಕಾರ್ಡಿನಲ್ಲಿರುವ ಕಾರಾದರೆ ಅದನ್ನು ಮುಚ್ಚಿದ ಪ್ಲಾಸ್ಟಿಕ್ ಗುಳ್ಳೆಯ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯಲ್ಲಿ ಶಾಖದಿಂದ ಅಂಟಿಸಿದ ಅಂಚು ಸುತ್ತಲೂ ಒಂದೇ ಸಮನಾಗಿರುತ್ತದೆ. ರಟ್ಟಿನ ಮೇಲ್ಪದರ ಹರಿದು ಬಿಳಿ ನಾರು ಎದ್ದಿದ್ದರೆ, ಅಂಟು ಹೊಳೆಯುತ್ತಿದ್ದರೆ ಕೊಳ್ಳಬೇಡಿ.

ಕಾರು ಕೈಗೆ ಬರುವ ಮುನ್ನ ಪೂರ್ತಿ ಹಣ ಕಳಿಸಬೇಡಿ. ಇಂದಿನ ದಿನಾಂಕ ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ವಿಡಿಯೊ ಮಾಡಿ ಕಳಿಸಿ ಎಂದು ಕೇಳಿ. ಸರಕು ನಿಜವಾಗಿ ಇದ್ದವರು ಬೇಸರಿಸಿಕೊಳ್ಳುವುದಿಲ್ಲ. ಮೋಸ ಹೋದದ್ದು ಗೊತ್ತಾದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆ.

ನಿಮ್ಮ ಬಳಿ ಒಂದೇ ಕಾರು ಎರಡಿದ್ದರೆ ಮುದ್ರಿತ ಬೆಲೆ ಮತ್ತು ಕೊರಿಯರ್ ವೆಚ್ಚಕ್ಕೆ ಕೊಡಿ, ಇಲ್ಲವೇ ಬದಲಿಗೆ ಬೇರೆ ಕಾರು ಪಡೆಯಿರಿ. ಹೀಗೆ ಅದಲುಬದಲಿನ ಮೇಲೆ ನಡೆಯುವ ಹತ್ತಾರು ಜನರ ಸಣ್ಣ ಬಳಗ ಸಿಕ್ಕಿದರೆ ಕಾಳಸಂತೆಯ ಗುಂಪುಗಳಿಂದ ಹೊರಬನ್ನಿ. ದಿನವೂ ಆ ಬೆಲೆಗಳನ್ನು ನೋಡುತ್ತಿದ್ದರೆ ಆರುನೂರು ರೂಪಾಯಿಯೇ ಸಹಜ ಬೆಲೆ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಅಂಗಡಿಯೇ ಹೆಚ್ಚು ಕೇಳಿದರೆ

ಕಾರ್ಡಿನ ಹಿಂಬದಿಯಲ್ಲಿ ಆಮದುದಾರರ ಹೆಸರು, ವಿಳಾಸ, ತಯಾರಾದ ಅಥವಾ ಆಮದಾದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ನಮೂದಾಗಿರುತ್ತದೆ. ಪೊಟ್ಟಣದ ಸಾಮಗ್ರಿಯನ್ನು ಆ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ನಿಷೇಧಿಸುತ್ತವೆ. ಬೆಲೆ ಏರಿಸಿ ಮೇಲೊಂದು ಚೀಟಿ ಅಂಟಿಸುವಂತೆಯೂ ಇಲ್ಲ. ಇಳಿಸಿದ ಬೆಲೆಯ ಚೀಟಿಗೆ ಅವಕಾಶವಿದೆ, ಆದರೆ ಅದೂ ಹಳೆಯ ಬೆಲೆಯನ್ನು ಮುಚ್ಚಬಾರದು. ಬೆಲೆಯ ಭಾಗವನ್ನು ಕೆರೆದು ತೆಗೆದ ಕಾರ್ಡು ಕಂಡರೆ ಅಲ್ಲೇ ಪ್ರಶ್ನಿಸಿ.

ಈಚೆಗೆ ಹೆಚ್ಚಿರುವುದು ‘ಕಾಂಬೊ’ ಕಾಟ. ಬೇಕಾದ ಒಂದು ಕಾರು ಕೊಡಬೇಕಾದರೆ ಬೇಡದ ನಾಲ್ಕನ್ನು ಕೊಳ್ಳಲೇಬೇಕು ಎನ್ನುತ್ತಾರೆ. ಪ್ರತಿಯೊಂದಕ್ಕೂ ಎಂಆರ್‌ಪಿಯನ್ನೇ ಪಡೆಯುವುದರಿಂದ ಇದು ಸರಿಯೆಂದು ಹಲವರು ಸುಮ್ಮನಾಗುತ್ತಾರೆ. ಒಂದು ವಸ್ತು ಕೊಡಲು ಇನ್ನೊಂದನ್ನು ಕೊಳ್ಳಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿಯ ಸಾಲಿಗೆ ಸೇರಿಸಿದೆ. ಇದರ ವಿರುದ್ಧವೂ ದೂರು ಕೊಡಬಹುದು.

ಮೊದಲು ಜಗಳವಿಲ್ಲದೆ ಬಿಲ್ ಕೇಳಿ. ಬಿಲ್ಲಿನಲ್ಲಿ ಕಾರಿನ ಬೆಲೆ ಸ್ಪಷ್ಟವಾಗಿ ನಮೂದಾಗಲಿ. ಬಿಲ್ ಕೇಳಿದೊಡನೆಯೇ ಎಷ್ಟೋ ಕಡೆ ಬೆಲೆ ಎಂಆರ್‌ಪಿಗೆ ಇಳಿಯುತ್ತದೆ. ಇಳಿಯದಿದ್ದರೆ ಕಾರ್ಡಿನ ಮುಂಬದಿ, ಹಿಂಬದಿಯ ಫೋಟೊ, ಯುಪಿಐ ಪಾವತಿಯ ವಿವರ, ಅಂಗಡಿಯ ಹೆಸರುಫಲಕದ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಸಹಾಯವಾಣಿಯವರು ಕೊಡುವ ದೂರಿನ ಸಂಖ್ಯೆಯನ್ನು ಆ ಬಿಲ್ಲಿನ ಹಿಂದೆಯೇ ಬರೆದಿಡಿ. ಮುಂದೆ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಎರಡೂ ಒಟ್ಟಿಗೆ ಬೇಕಾಗುತ್ತವೆ.