ಕೆಲಸದ ದಿನವನ್ನು ಮನಸ್ಸಿನಲ್ಲೂ ಮುಗಿಸುವುದು ಹೇಗೆ

ಕೆಲಸ ಮತ್ತು ಬದುಕಿನ ಸಮತೋಲನದ ಮಾತು ಬಂದಾಗ ಹೆಚ್ಚಿನವರು ಮೊದಲು ಗಂಟೆಗಳನ್ನು ಎಣಿಸುತ್ತಾರೆ. ಆ ಎಣಿಕೆಗೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ಹೃದಯಕ್ಕೆ ರಕ್ತ ಪೂರೈಕೆ ಕುಂದುವ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ. 17ರಷ್ಟು ಹೆಚ್ಚು. ಆದರೆ ಎಂಟೇ ಗಂಟೆ ದುಡಿದು ಮನೆ ಸೇರಿದವರು ಊಟದ ಹೊತ್ತಿನಲ್ಲೂ ಹಾಸಿಗೆಯಲ್ಲೂ ಅದೇ ಕೆಲಸವನ್ನು ಮನಸ್ಸಿನಲ್ಲಿ ಮುಂದುವರಿಸುತ್ತಿದ್ದರೆ, ಕಡಿಮೆಯಾದ ಗಂಟೆಗಳಿಂದ ಅವರಿಗೆ ದೊರೆಯುವ ಲಾಭ ಅಲ್ಪ. ಒತ್ತಡದಿಂದ ಬಳಲುವವರು ಮೊದಲು ಕಲಿಯಬೇಕಾದದ್ದು ದಿನದ ಕೆಲಸವನ್ನು ಮನಸ್ಸಿನಲ್ಲೂ ಮುಗಿಸುವುದನ್ನು ಎಂದು ನಾನು ದೃಢವಾಗಿ ನಂಬುತ್ತೇನೆ.

ಒತ್ತಡವು ದೇಹದ ಸಹಜ ಪ್ರತಿಕ್ರಿಯೆ. ಅಪಾಯದ ಸುಳಿವು ಸಿಕ್ಕಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಸ್ವಲ್ಪ ಹೊತ್ತಿನಲ್ಲೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರಿ, ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಹೆಚ್ಚಿಸಿ ದೇಹಕ್ಕೆ ಶಕ್ತಿಯನ್ನು ಒದಗಿಸುತ್ತದೆ. ಗಡುವಿನ ದಿನ ನಮ್ಮಿಂದ ಹೆಚ್ಚು ಕೆಲಸ ಮಾಡಿಸುವುದೂ ಇದೇ ವ್ಯವಸ್ಥೆ. ಹೀಗೆ ಏರಿದ್ದು ಇಳಿಯುವುದಕ್ಕೆ ಅವಕಾಶವೇ ಸಿಗದೆ, ತಿಂಗಳುಗಟ್ಟಲೆ ಅದೇ ಸ್ಥಿತಿ ಮುಂದುವರಿದಾಗ ನಿದ್ದೆ, ರಕ್ತದೊತ್ತಡ, ಜೀರ್ಣಶಕ್ತಿ, ನೆನಪು ಎಲ್ಲವೂ ಕೆಡತೊಡಗುತ್ತವೆ. ಆದ್ದರಿಂದ ಒತ್ತಡವೇ ಇಲ್ಲದ ಬದುಕನ್ನು ಹುಡುಕುವ ಬದಲು, ಪ್ರತಿದಿನವೂ ಅದು ಇಳಿಯುವುದಕ್ಕೆ ಬೇಕಾದ ಏರ್ಪಾಡನ್ನು ಮಾಡಿಕೊಳ್ಳಬೇಕು.

ಒಂದು ವಾರದ ಟಿಪ್ಪಣಿಯಿಂದ ಆರಂಭಿಸಿ. ಮನಸ್ಸು ಬಿಗಿಯಾದಾಗಲೆಲ್ಲ ಸಮಯ, ಆಗ ನಡೆಯುತ್ತಿದ್ದ ಕೆಲಸ, ಎದುರಿಗಿದ್ದವರು ಯಾರು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಡಿ. ವಾರ ಕಳೆದ ಮೇಲೆ ಅದನ್ನು ಓದುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಇಲ್ಲಿ ನನ್ನನ್ನು ಬಳಲಿಸಿದ್ದು ಕೆಲಸದ ಪ್ರಮಾಣವೋ, ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಇಲ್ಲದಿದ್ದುದೋ? ಸಂಶೋಧಕ ರಾಬರ್ಟ್ ಕರಾಸೆಕ್ ಕೆಲಸದ ಒತ್ತಡದ ಬಗ್ಗೆ 1979ರಲ್ಲಿ ಮಂಡಿಸಿದ ಮಾದರಿಯ ತಿರುಳೂ ಇದೇ: ಹೊರೆ ಹೆಚ್ಚಾಗಿದ್ದು ನಿರ್ಧಾರದ ಅಧಿಕಾರ ಕಡಿಮೆಯಿರುವ ಕೆಲಸಗಳು ಎಲ್ಲಕ್ಕಿಂತ ಹೆಚ್ಚು ದಣಿಸುತ್ತವೆ. ಹೊರೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲದಾಗಲೂ, ಯಾವುದನ್ನು ಬೆಳಿಗ್ಗೆ ಮಾಡಬೇಕು, ಇಮೇಲ್‌ಗಳನ್ನು ದಿನಕ್ಕೆ ಎಷ್ಟು ಸಲ ನೋಡಬೇಕು, ಯಾವ ಸಭೆಗೆ ಬರಹದ ವರದಿಯೇ ಸಾಕು ಎಂಬಂಥ ಚಿಕ್ಕ ನಿರ್ಧಾರಗಳನ್ನು ಕೇಳಿ ಪಡೆಯಲು ಸಾಧ್ಯವಿರುತ್ತದೆ. ಇವು ಚಿಕ್ಕವೆಂದು ಕಡೆಗಣಿಸಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸಕ್ಕೆ ಬರೋಣ. ಕೆಲಸದ ಕೊನೆಯ ಹದಿನೈದು ನಿಮಿಷಗಳನ್ನು ಹೊಸ ಕೆಲಸಕ್ಕೆ ಕೊಡದೆ, ದಿನವನ್ನು ಮುಗಿಸುವುದಕ್ಕೆಂದೇ ಮೀಸಲಿಡಿ. ಸಂಜೆಯ ಹೊತ್ತು ಮತ್ತೆ ಮತ್ತೆ ಮನಸ್ಸಿಗೆ ನುಗ್ಗುವುದು ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ. ಇ. ಜೆ. ಮಾಸಿಕ್ಯಾಂಪೊ ಮತ್ತು ರಾಯ್ ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೊಂದು ಸರಳ ದಾರಿಯನ್ನು ತೋರಿಸಿವೆ: ಬಾಕಿಯುಳಿದ ಗುರಿಯ ಬಗ್ಗೆ ಖಚಿತವಾದ ಯೋಜನೆ ಹಾಕಿಕೊಂಡವರಿಗೆ, ಗುರಿ ಇನ್ನೂ ಈಡೇರದಿದ್ದರೂ, ಬೇರೆ ಕೆಲಸದ ನಡುವೆ ಅದರ ಯೋಚನೆ ಬಂದು ಕಾಡುವುದು ಕಡಿಮೆಯಾಯಿತು. ಇಲ್ಲಿ ಖಚಿತ ಎಂಬುದನ್ನು ಗಮನಿಸಬೇಕು. ‘ವರದಿ ಬಾಕಿ ಇದೆ’ ಎಂದು ಬರೆದಿಟ್ಟರೆ ಆತಂಕ ಹಾಗೆಯೇ ಉಳಿಯುತ್ತದೆ. ‘ನಾಳೆ ಹತ್ತು ಗಂಟೆಗೆ ವರದಿಯ ಮೂರನೆಯ ಭಾಗದ ಅಂಕಿಗಳನ್ನು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡುವುದು’ ಎಂದು ಬರೆದರೆ ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ಮನಸ್ಸಿನಿಂದ ಹಾಳೆಗೆ ದಾಟುತ್ತದೆ. ಬಾಕಿಯಿರುವ ಪ್ರತಿಯೊಂದು ಕೆಲಸಕ್ಕೂ ಮುಂದಿನ ಒಂದು ಹೆಜ್ಜೆ ಮತ್ತು ಅದರ ಸಮಯವನ್ನು ಹೀಗೆ ಗುರುತಿಸಿ, ಕಂಪ್ಯೂಟರನ್ನು ಪೂರ್ತಿಯಾಗಿ ಆರಿಸಿ, ಮೇಜನ್ನು ತೆರವುಗೊಳಿಸಿ ಏಳಿ. ಮನೆಯಿಂದಲೇ ಕೆಲಸ ಮಾಡುವವರು, ಕಚೇರಿಯಿಂದ ಮನೆಗೆ ಬರುವ ಪ್ರಯಾಣದ ಬದಲಿಗೆ, ಬಟ್ಟೆ ಬದಲಿಸಿ ಸ್ವಲ್ಪ ದೂರ ನಡೆದು ಬರುವುದನ್ನು ರೂಢಿಸಿಕೊಂಡರೆ ಎರಡು ಹೊತ್ತುಗಳ ನಡುವೆ ಗಡಿಯೊಂದು ಏರ್ಪಡುತ್ತದೆ.

ಆ ಗಡಿಯನ್ನು ಮೊದಲು ಮುರಿಯುವುದು ಫೋನ್. ಕೆಲಸದ ಆ್ಯಪ್‌ಗಳ ಸೂಚನೆಗಳನ್ನು ಸಂಜೆಯ ನಿಗದಿತ ಹೊತ್ತಿನಿಂದ ತಡೆಹಿಡಿಯುವ ಸೌಲಭ್ಯ ಇಂದಿನ ಹೆಚ್ಚಿನ ಫೋನ್‌ಗಳಲ್ಲಿದೆ. ಒಮ್ಮೆ ಹೊಂದಿಸಿಟ್ಟರೆ ದಿನವೂ ನಿರ್ಧರಿಸುವ ಕಷ್ಟ ತಪ್ಪುತ್ತದೆ. ಜೊತೆಗೆ ಸಹೋದ್ಯೋಗಿಗಳಿಗೆ ಸ್ಪಷ್ಟವಾಗಿ ತಿಳಿಸಿ: ನಿಜವಾಗಿಯೂ ತುರ್ತಾದ ವಿಷಯವಿದ್ದರೆ ಕರೆ ಮಾಡಿ, ಉಳಿದ ಸಂದೇಶಗಳಿಗೆ ಬೆಳಿಗ್ಗೆ ಉತ್ತರಿಸುತ್ತೇನೆ. ಕೆಲಸದ ಹೊತ್ತಿನಾಚೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ ಕಾನೂನಿನಲ್ಲೇ ಮಾನ್ಯ ಮಾಡಿದೆ. ಅಂಥ ಕಾನೂನು ಇಲ್ಲದ ಕಡೆಯೂ ತಂಡದೊಳಗೆ ಈ ಒಪ್ಪಂದ ಸಾಧ್ಯ, ಮುಖ್ಯವಾಗಿ ತಂಡದ ಹಿರಿಯರು ತಾವೇ ರಾತ್ರಿ ಸಂದೇಶ ಕಳಿಸುವುದನ್ನು ನಿಲ್ಲಿಸಿದಾಗ.

ಬಿಡುವು ದೊರೆತ ಮೇಲೆ ಅದರಲ್ಲಿ ಏನು ಮಾಡುತ್ತೇವೆ ಎಂಬುದೂ ಮುಖ್ಯ. ಮನೋವಿಜ್ಞಾನಿಗಳಾದ ಸಬೀನ್ ಸೊನ್ನೆಂಟಾಗ್ ಮತ್ತು ಷಾರ್ಲೊಟ್ ಫ್ರಿಟ್ಸ್ 2007ರಲ್ಲಿ ಚೇತರಿಕೆಯ ಅನುಭವಗಳನ್ನು ನಾಲ್ಕು ಬಗೆಯಾಗಿ ಗುರುತಿಸಿದರು: ಕೆಲಸದ ಯೋಚನೆಯಿಂದ ಬಿಡುಗಡೆ, ವಿಶ್ರಾಂತಿ, ಹೊಸದೊಂದನ್ನು ಕಲಿತು ಸಾಧಿಸುವ ಅನುಭವ, ಬಿಡುವಿನ ಹೊತ್ತು ನಮ್ಮ ಹಿಡಿತದಲ್ಲಿದೆ ಎಂಬ ಭಾವ. ಗುರಿಯಿಲ್ಲದೆ ಫೋನಿನ ಪರದೆಯನ್ನು ಸರಿಸುತ್ತ ಕೂರುವುದರಲ್ಲಿ ಈ ನಾಲ್ಕರಲ್ಲಿ ಯಾವುದೂ ಸರಿಯಾಗಿ ದಕ್ಕುವುದಿಲ್ಲ. ವಾದ್ಯ, ತೋಟ, ಹೊಸ ಭಾಷೆ, ಮಕ್ಕಳೊಂದಿಗೆ ಆಟ, ಯಾವುದಾದರೂ ಸರಿ, ಅದು ನೀವೇ ಆಯ್ದುಕೊಂಡದ್ದಾಗಿರಲಿ. ಮನೆಗೆಲಸ, ಮಕ್ಕಳ ಪಾಲನೆ, ಹಿರಿಯರ ಆರೈಕೆಯೆಲ್ಲ ಒಬ್ಬರ ಮೇಲೆಯೇ ಬಿದ್ದಿರುವ ಮನೆಯಲ್ಲಿ ಈ ಸಲಹೆ ಅವರ ಪಾಲಿಗೆ ಕ್ರೂರವಾಗಿ ಕೇಳಿಸಬಹುದು. ಅಲ್ಲಿ ಮೊದಲು ಆಗಬೇಕಾದದ್ದು ಮನೆಯವರೆಲ್ಲ ಕುಳಿತು ಕೆಲಸಗಳನ್ನು ಬರೆದು ಹಂಚಿಕೊಳ್ಳುವುದು. ಬರೆಯದೆ ಹಂಚಿದರೆ ಕಣ್ಣಿಗೆ ಕಾಣದ ಕೆಲಸಗಳು ಮತ್ತೆ ಅದೇ ವ್ಯಕ್ತಿಯ ಪಾಲಿಗೆ ಉಳಿಯುತ್ತವೆ.

ದೇಹದ ವಿಷಯದಲ್ಲಿ ಮಾತು ಕಡಿಮೆ ಸಾಕು. ವಯಸ್ಕರಿಗೆ ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ, ಚುರುಕಾದ ನಡಿಗೆಯೂ ಅದರಲ್ಲಿ ಸೇರುತ್ತದೆ. ಕೆಫೀನಿನ ಅರ್ಧ ಪ್ರಮಾಣ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಮಧ್ಯಾಹ್ನದ ನಂತರ ಕಾಫಿಯನ್ನು ಬಿಡುವುದು ಒಳ್ಳೆಯದು. ಸಭೆಗೆ ಮುನ್ನ ಎದೆ ಬಡಿದುಕೊಳ್ಳುತ್ತಿದ್ದರೆ, ನಿಮಿಷಕ್ಕೆ ಸುಮಾರು ಆರರಂತೆ ನಿಧಾನವಾಗಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾಗಿರುವಂತೆ ಕೆಲವು ನಿಮಿಷ ಉಸಿರಾಡಿ.

ಹೊರೆಯೇ ಮಿತಿಮೀರಿದ್ದರೆ ಈ ಯಾವ ಅಭ್ಯಾಸವೂ ಅದಕ್ಕೆ ಪರಿಹಾರವಾಗಲಾರದು. ಆಗ ಮೇಲಧಿಕಾರಿಯೊಂದಿಗೆ ಮಾತನಾಡಲೇಬೇಕು. ‘ನನಗೆ ತುಂಬ ಕೆಲಸವಿದೆ’ ಎಂಬ ಮಾತು ದೂರಿನಂತೆ ಕೇಳಿ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು, ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನೂ ಪ್ರತಿಯೊಂದಕ್ಕೆ ಬೇಕಾಗುವ ಸಮಯವನ್ನೂ ಮುಂದಿಟ್ಟು, ‘ಈ ವಾರ ಇವುಗಳಲ್ಲಿ ಮೂರು ಮುಗಿಯುತ್ತವೆ, ಯಾವ ಮೂರು ಮೊದಲಾಗಬೇಕೆಂದು ತಾವು ಹೇಳಿ’ ಎಂದು ಕೇಳಿ. ಆಯ್ಕೆಯ ಹೊಣೆ ಆಗ ಇಬ್ಬರದೂ ಆಗುತ್ತದೆ. ನಿರ್ಧಾರವಾದದ್ದನ್ನು ಅಂದೇ ಬರಹದಲ್ಲಿ ಕಳಿಸಿ.

ಇಷ್ಟಾದರೂ ವಾರಗಟ್ಟಲೆ ದಣಿವು ನೀಗದೆ, ಕೆಲಸದ ಬಗ್ಗೆ ಜಿಗುಪ್ಸೆಯೋ ಪೂರ್ತಿ ನಿರಾಸಕ್ತಿಯೋ ಬೆಳೆದು, ಮಾಡಿದ್ದೆಲ್ಲ ವ್ಯರ್ಥವೆನಿಸತೊಡಗಿದರೆ ಅದನ್ನು ಸೋಮಾರಿತನವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ನಿಭಾಯಿಸಲಾಗದ ಕೆಲಸದ ಒತ್ತಡದಿಂದ ಹುಟ್ಟುವ ಬರ್ನ್‌ಔಟ್‌ನ ಲಕ್ಷಣಗಳೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದ್ದು ಈ ಮೂರನ್ನೇ. ಖಿನ್ನತೆ, ಥೈರಾಯ್ಡ್ ತೊಂದರೆ, ರಕ್ತಹೀನತೆಗಳಲ್ಲೂ ಇಂಥದೇ ದಣಿವು ಕಾಣಿಸಿಕೊಳ್ಳುವುದರಿಂದ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಬದುಕುವುದೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ ಆಪ್ತರೊಬ್ಬರಿಗೆ ತಿಳಿಸಿ, ಅವರನ್ನು ಜೊತೆಯಲ್ಲಿ ಕರೆದುಕೊಂಡೇ ವೈದ್ಯರ ಬಳಿಗೆ ಹೋಗಿ.