ಮಂಡಿ ಸವೆತಕ್ಕೆ ಒಂದು ಟವೆಲ್, ಒಂದು ಕುರ್ಚಿ

ಮಂಡಿ ಸವೆದಿದೆ ಅಂದ ಕೂಡಲೇ ನಾನು ಓಡಾಟವನ್ನೇ ಬಿಟ್ಟಿದ್ದೆ. ನೋವು ಇನ್ನೂ ಜಾಸ್ತಿ ಆಯ್ತು. ಸುಮ್ನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ. ಮೊದಲು ತೊಡೆಗೆ ಬಲ ಬರಬೇಕು.

ಕಾಲು ಚಾಚಿ ಕೂತುಕೊಳ್ಳಿ. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ, 5 ಎಣಿಸಿ, ಬಿಡಿ. ತೊಡೆಯ ಮೇಲೆ ಕೈಯಿಟ್ಟು ನೋಡಿ: ಸ್ನಾಯು ಗಟ್ಟಿಯಾಗಬೇಕು, ಮಂಡಿಚಿಪ್ಪು ತುಸು ಮೇಲಕ್ಕೆ ಸರಿಯಬೇಕು. ಮೊದಲ ವಾರ ನನ್ನ ತೊಡೆ ಬರೀ ಅದುರುತ್ತಿತ್ತು. ಉಸಿರು ಕಟ್ಟಬೇಡಿ. 10 ಸಲ ಸಾಕು.

ಆಮೇಲೆ ಕುರ್ಚಿ. ಎತ್ತರದ, ಅಲುಗಾಡದ ಕುರ್ಚಿಯಿಂದ ಆದಷ್ಟು ಕೈ ಊರದೆ ಎದ್ದೇಳಿ. ಕೂರುವಾಗ ದೊಪ್ಪನೆ ಬೀಳಬೇಡಿ. ನಿಧಾನವಾಗಿ ಇಳಿಯುವಾಗಲೂ ತೊಡೆ ದುಡಿಯುತ್ತದೆ, ಅಲ್ವಾ? ಮಂಡಿಗಳು ಒಳಕ್ಕೆ ವಾಲದಿರಲಿ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಇಳಿಯದಿದ್ದರೆ, ಊದಿಕೊಂಡರೆ, ಎಷ್ಟು ಸಲ ಮಾಡುತ್ತೀರೋ ಅದರ ಅರ್ಧ ಮಾಡಿ. ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನನಗೆ ಮೆಟ್ಟಿಲು ಹಗುರ ಅನ್ನಿಸಿದ್ದು 8ನೇ ವಾರದಲ್ಲಿ. ಅಲ್ಲಿವರೆಗೆ ದಯವಿಟ್ಟು ಬಿಡಬೇಡಿ.