ಕೆಲಸದ ಮೇಲಿದ್ದಾಗ ರಸ್ತೆ ಅಪಘಾತ: ಪರಿಹಾರ ಯಾರಿಂದ, ಎಷ್ಟು, ಹೇಗೆ

ಸರಕು ವಾಹನದ ಚಾಲಕ, ಕ್ಲೀನರ್, ಡೆಲಿವರಿಗೆ ಹೋದ ನೌಕರ, ಸೈಟ್‌ನಿಂದ ಸೈಟ್‌ಗೆ ಓಡಾಡುವ ಮೆಕ್ಯಾನಿಕ್ ರಸ್ತೆಯಲ್ಲಿ ಗಾಯಗೊಂಡರೆ ಪರಿಹಾರ ಕೇಳಲು ಎರಡು ದಾರಿಗಳಿವೆ. ಡಿಕ್ಕಿ ಹೊಡೆದ ವಾಹನದ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಅಂದರೆ ಎಂಎಸಿಟಿಗೆ ಹೋಗುವುದು ಒಂದು. ಕೆಲಸ ಕೊಟ್ಟವರಿಂದ ನೌಕರರ ಪರಿಹಾರ ಕೇಳುವುದು ಇನ್ನೊಂದು. ಎರಡೂ ಕಡೆ ಕೇಳಲು 167ನೇ ಕಲಂ ಬಿಡುವುದಿಲ್ಲ, ಒಂದನ್ನೇ ಆರಿಸಬೇಕು. ಹಾಗಾಗಿ ಅರ್ಜಿ ಬರೆಸುವ ಮೊದಲು ಲೆಕ್ಕ ಹಾಕಿ ನೋಡಬೇಕು.

ಅದಕ್ಕೂ ಮೊದಲು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯೇ ಎಂದು ನೋಡಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ ಮಾಲೀಕರ ಮೇಲೆ ನೌಕರರ ಪರಿಹಾರದ ಕೇಸು ನಡೆಯುವುದಿಲ್ಲ. ಆ ಹಣ ಇಎಸ್‌ಐನಿಂದಲೇ ಬರಬೇಕು: ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 90, ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ನಿಗದಿಮಾಡಿದ ಪ್ರಮಾಣದಲ್ಲಿ ತಿಂಗಳ ಮೊತ್ತ. ಇದಕ್ಕೆ ಮಾಲೀಕರು ಅಪಘಾತ ವರದಿ ಕಳಿಸಿರಬೇಕು. ಅದರ ಪ್ರತಿ ಕೇಳಿ ಪಡೆಯಿರಿ. ಎಷ್ಟೋ ಸಲ ಆ ವರದಿ ಹೋಗಿರುವುದೇ ಇಲ್ಲ.

ದಾರಿ ಯಾವುದೇ ಇರಲಿ, ಕೇಸಿನ ಅಡಿಪಾಯ ಆಸ್ಪತ್ರೆಯಲ್ಲಿ ಬೀಳುತ್ತದೆ. ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳನ್ನು ದಾಖಲಿಸುವ, ತುರ್ತು ವಿಭಾಗದ ಎಂಎಲ್‌ಸಿ ಪುಸ್ತಕದಲ್ಲಿ ವೈದ್ಯರು ಗಾಯ ಹೇಗಾಯಿತೆಂದು ಒಂದು ಸಾಲು ಬರೆಯುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ ‘ಬೈಕ್‌ನಿಂದ ಬಿದ್ದ’ ಎಂದರೆ ಅದೇ ದಾಖಲಾಗುತ್ತದೆ. ನಾಲ್ಕು ದಿನ ಬಿಟ್ಟು ಕೊಟ್ಟ ದೂರಿನಲ್ಲಿ ‘ಲಾರಿ ಡಿಕ್ಕಿ ಹೊಡೆಯಿತು’ ಎಂದಿದ್ದರೆ, ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ಕಡತ ತರಿಸಿ ‘ಲಾರಿಯನ್ನು ಆಮೇಲೆ ಸೇರಿಸಿದ್ದಾರೆ’ ಎಂದು ವಾದಿಸುತ್ತಾರೆ. ಬಿದ್ದುಹೋಗುವ ಕೇಸುಗಳಲ್ಲಿ ಇಂಥವು ಬಹಳ. ಆದ್ದರಿಂದ ವಾಹನದ ನಂಬರ್, ಸ್ಥಳ, ಸಮಯ, ಕೆಲಸದ ಮೇಲಿದ್ದ ವಿಷಯ ಇಷ್ಟನ್ನೂ ವೈದ್ಯರಿಗೆ ಹೇಳಿ ಬರೆಸಿ. ತಪ್ಪಾಗಿ ದಾಖಲಾಗಿದೆ ಎಂದು ಗೊತ್ತಾದ ದಿನವೇ ಆಸ್ಪತ್ರೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ಐಸಿಯುನಲ್ಲಿದ್ದರು ಎಂಬುದು ಒಪ್ಪತಕ್ಕ ಕಾರಣ, ‘ರಾಜಿ ಮಾತಾಡುತ್ತಿದ್ದೆವು’ ಎಂಬುದು ದುರ್ಬಲ.

ಪೊಲೀಸರಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ಪರಿಶೀಲನೆಯ ಐಎಂವಿ ವರದಿ, ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ದೋಷಾರೋಪ ಪಟ್ಟಿ ಬೇಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮ್, ಮೂಲ ಬಿಲ್ಲುಗಳು. ಔಷಧಿ ಬಿಲ್ಲಿಗೆ ವೈದ್ಯರ ಚೀಟಿ ಹೊಂದದಿದ್ದರೆ ಆ ಮೊತ್ತ ಕೈಬಿಟ್ಟಂತೆಯೇ. ಸಂಬಳಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಮಾಲೀಕರು ಬರೆದುಕೊಟ್ಟ ಸಂಬಳ ಪತ್ರ ಮಾತ್ರ ಇದ್ದರೆ ಅವರೇ ಬಂದು ಸಾಕ್ಷಿ ಹೇಳಬೇಕಾಗುತ್ತದೆ.

ಇನ್ನು ಲೆಕ್ಕ. 35 ವರ್ಷದ, ತಿಂಗಳಿಗೆ 22,000 ಸಂಬಳದ ಚಾಲಕರ ಬಲಗೈ ಹೆಬ್ಬೆರಳು ಪೂರ್ತಿ ಹೋಯಿತು ಎನ್ನೋಣ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ (2025ರ ನವೆಂಬರ್ 21ಕ್ಕೆ ಮೊದಲಿನ ಅಪಘಾತಗಳಿಗೆ) ಸಂಬಳ ಎಷ್ಟೇ ಇದ್ದರೂ 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಅದರ ಶೇ 60 ಎಂದರೆ 9,000. 35ನೇ ವಯಸ್ಸಿನ ಗುಣಕ 197.06. ಗುಣಿಸಿದರೆ 17,73,540. ಹೆಬ್ಬೆರಳಿಗೆ ಕಾಯ್ದೆಯ ಪಟ್ಟಿಯಲ್ಲಿ ಶೇ 30 ಇರುವುದರಿಂದ ಸಿಗುವುದು 5,32,062 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ಸಕಾರಣವಿಲ್ಲದೆ ತಡಮಾಡಿದರೆ ಶೇ 50ರವರೆಗೆ ದಂಡ. ಇಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಏಳುವುದಿಲ್ಲ. ಕುಡಿದು ಓಡಿಸಿದ್ದರೆ ಅಥವಾ ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದರೆ ತೊಡಕು.

ಎಂಎಸಿಟಿಯಲ್ಲಿ ಪೂರ್ತಿ 22,000 ಹಿಡಿಯುತ್ತಾರೆ. ಖಾಸಗಿ ಕೆಲಸದಲ್ಲಿರುವ, 40 ದಾಟದವರಿಗೆ ಮುಂದಿನ ಆದಾಯ ವೃದ್ಧಿ ಎಂದು ಶೇ 40 ಸೇರಿಸಿದರೆ 30,800. ವರ್ಷಕ್ಕೆ 3,69,600. 31ರಿಂದ 35 ವಯಸ್ಸಿಗೆ ಗುಣಕ 16. ದುಡಿಯುವ ಶಕ್ತಿ ಶೇ 20 ಕುಂದಿದೆ ಎಂದು ನ್ಯಾಯಮಂಡಳಿ ಒಪ್ಪಿದರೆ 11,82,720. ಇದರ ಮೇಲೆ ಚಿಕಿತ್ಸೆ, ನೋವು, ಆರೈಕೆ, ಓಡಾಟದ ಖರ್ಚು ಬೇರೆ. ಆದರೆ ಎದುರಿನವರ ನಿರ್ಲಕ್ಷ್ಯ ಸಾಬೀತಾಗಬೇಕು. ಅರ್ಧ ತಪ್ಪು ನಿಮ್ಮದೆಂದು ತೀರ್ಮಾನವಾದರೆ ಅರ್ಧ ಹೋಯಿತು, ಪೂರ್ತಿ ನಿಮ್ಮದೇ ಆದರೆ ಸೊನ್ನೆ. ಬೇರೆ ವಾಹನ ಡಿಕ್ಕಿ ಹೊಡೆದು ಅದರ ಚಾಲಕರ ಮೇಲೆ ದೋಷಾರೋಪ ಪಟ್ಟಿ ಆಗಿದ್ದರೆ ಎಂಎಸಿಟಿ ಲಾಭ. ನೀವೇ ಓಡಿಸುತ್ತಿದ್ದ ಗಾಡಿ ಮಗುಚಿದ್ದರೆ ನೌಕರರ ಪರಿಹಾರವೇ ಸರಿ. ಸಂಬಳದ ಚಾಲಕರಿಗೆ ಮಾಲೀಕರು ಕೊಡಬೇಕಾದ ಈ ಪರಿಹಾರದ ಹೊಣೆ ವಾಹನದ ಕಡ್ಡಾಯ ವಿಮೆಯಲ್ಲೇ ಸೇರಿರುತ್ತದೆ.

ಊನದ ಪ್ರಮಾಣದಲ್ಲಿ ಹಲವರು ಎಡವುತ್ತಾರೆ. ಮೂಳೆ ವೈದ್ಯರು ‘ಬಲಗಾಲಿಗೆ ಶೇ 45’ ಎಂದು ಬರೆದರೆ ಅದು ಕಾಲಿನ ಲೆಕ್ಕ, ಇಡೀ ದೇಹದ್ದಲ್ಲ. ನ್ಯಾಯಮಂಡಳಿಗೆ ಬೇಕಾದದ್ದು ಇದರಿಂದ ದುಡಿಮೆ ಎಷ್ಟು ಕುಂದಿತು ಎಂಬುದು. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅದೇ ಕಾಲಿನ ಊನ ಮೇಜಿನ ಕೆಲಸದವರಿಗೆ ಸಣ್ಣದು, ಕ್ಲಚ್ ತುಳಿಯಬೇಕಾದ ಚಾಲಕರಿಗೆ ಜೀವನೋಪಾಯವನ್ನೇ ಕಸಿಯಬಲ್ಲದು. ವೈದ್ಯರು ಸಾಕ್ಷಿ ಹೇಳುವಾಗ ಯಾವ ಕೆಲಸ ಇನ್ನು ಮಾಡಲಾಗದು ಎಂಬುದು ಅವರ ಬಾಯಿಂದ ಬರಬೇಕು. ಚಿಕಿತ್ಸೆ ಕೊಟ್ಟ ವೈದ್ಯರ ಮಾತಿಗೆ ತೂಕ ಹೆಚ್ಚು.

ಗಡುವಿನ ವಿಷಯ. 2022ರ ಏಪ್ರಿಲ್ 1ರಿಂದ ಎಂಎಸಿಟಿ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಮಿತಿ ಇದೆ. ಇದರ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ತಕರಾರು ಇದ್ದರೂ ಅದನ್ನು ನಂಬಿ ಕೂರಬೇಡಿ. ಚಿಕಿತ್ಸೆ ಮುಗಿಯಲಿ ಎಂದು ಕಾಯುವ ಅಗತ್ಯವಿಲ್ಲ, ಬಿಲ್ಲುಗಳನ್ನು ಆಮೇಲೆಯೂ ಹಾಜರುಪಡಿಸಬಹುದು. ಅಪಘಾತವಾದ ಊರಿಗೇ ಹೋಗಬೇಕಿಲ್ಲ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ನೌಕರರ ಪರಿಹಾರಕ್ಕೆ 1923ರ ಕಾಯ್ದೆಯಲ್ಲಿ ಎರಡು ವರ್ಷ. ಆದರೆ ಮಾಲೀಕರಿಗೆ ಲಿಖಿತ ನೋಟಿಸ್ ಕೂಡಲೇ ಹೋಗಲಿ, ರಿಜಿಸ್ಟರ್ಡ್ ಅಂಚೆಯಲ್ಲಿ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವಾಗಿನ ಅಪಘಾತವನ್ನೂ, ಕೆಲಸದ ಜೊತೆ ನಂಟು ತೋರಿಸಿದರೆ, ಸಂಹಿತೆ ಒಪ್ಪುತ್ತದೆ. ಅರ್ಜಿಯಲ್ಲಿ ಅಪಘಾತದ ದಿನಾಂಕಕ್ಕೆ ತಕ್ಕ ಕಾನೂನನ್ನೇ ನಮೂದಿಸಿ.

ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಅಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಮೊತ್ತ ಸಣ್ಣದು, ಕೆಲಸದ ಮೇಲಿದ್ದವರು ನೌಕರರ ಪರಿಹಾರವನ್ನೇ ನೋಡುವುದು ಒಳ್ಳೆಯದು.

ಆಸ್ಪತ್ರೆಯಲ್ಲಿರುವಾಗಲೇ ಸ್ವಲ್ಪ ನಗದು ಕೊಟ್ಟು ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳುವವರಿರುತ್ತಾರೆ. ನೌಕರರ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಖಾಸಗಿ ಕರಾರಿಗೆ ಕಾನೂನಿನ ಬೆಲೆ ಇಲ್ಲ, ರಾಜಿ ಆದರೂ ನೌಕರರ ಪರಿಹಾರ ತೀರ್ಮಾನಿಸುವ ಪ್ರಾಧಿಕಾರದ ಮುಂದೆ ನೋಂದಣಿ ಆಗಬೇಕು. ಆದರೆ ಖಾಲಿ ಹಾಳೆಯ ಮೇಲೆ ‘ತಪ್ಪು ನನ್ನದೇ’ ಎಂದು ಬರೆದುಕೊಂಡರೆ ಎಂಎಸಿಟಿಯಲ್ಲಿ ಅದು ನಿಮ್ಮ ವಿರುದ್ಧವೇ ಹಾಜರಾಗುತ್ತದೆ. ಹಣ ಪಡೆಯಲೇಬೇಕಾದರೆ ‘ಚಿಕಿತ್ಸೆಗೆ ಮುಂಗಡ’ ಎಂದು ದಿನಾಂಕ, ಮೊತ್ತದ ಸಮೇತ ನೀವೇ ಬರೆದ ರಸೀದಿ ಕೊಡಿ, ಅದರ ಫೋಟೋ ಇಟ್ಟುಕೊಳ್ಳಿ.